ಮಣ್ಣಿನ ಸೈನ್ಯವೂ ಗಣಿತದ ಕಣ್ಣೂ

ಆಟವೆಂದರೆ ಪಾಠಕ್ಕೆ ವಿರೋಧವಾದದ್ದೆಂದೂ, ಬೊಂಬೆಗಳೆಂದರೆ ಹೈಸ್ಕೂಲಿನ ಮೆಟ್ಟಿಲು ಹತ್ತುವ ಮುನ್ನವೇ ಬಿಟ್ಟುಬಿಡತಕ್ಕವೆಂದೂ ನಮ್ಮಲ್ಲಿ ಒಂದು ಭಾವನೆ ಬೇರೂರಿದೆ. ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಶಾಲೆಯ ತಕ್ಕಡಿಯೂ ಲೋಲಕವೂ ಸಾಕು. ಆನೆ ಕುದುರೆಗಳ ಬೊಂಬೆಗಳಿಂದ ಅವನಿಗೆ ಆಗಬೇಕಾದುದೇನು ಎಂದು ಹಿರಿಯರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರವಿದೆಯೆಂದೂ, ಆ ಉತ್ತರ ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಲ್ಲುತ್ತದೆಂದೂ ನಾವು ನಂಬಿದ್ದೇವೆ. ಪ್ರಾಚೀನ ಸೈನ್ಯಗಳನ್ನು ಕಿರಿದಾಗಿ ಮಾಡಿ, ಮೇಜಿನ ಮೇಲೆ ಹೂಡಿ, ನಿಯಮಬದ್ಧವಾಗಿ ನಡೆಸುವ ಆಟಕ್ಕೆ ನಮ್ಮ ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳಲ್ಲಿ ಸ್ಥಾನ ದೊರೆಯಬೇಕೆಂಬುದೇ ನಮ್ಮ ವಾದ.

ಬೊಂಬೆ ಮಾಡುವ ಕೈ ನಮ್ಮ ನಾಡಿಗೆ ಹೊಸದಲ್ಲ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಈ ಸೀಮೆಯ ಮನೆಮನೆಗಳಲ್ಲಿ ಮಣ್ಣಿನ ಜೋಡೆತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಕೋಡು, ಹಿಣಿಲು, ಬಾಲಗಳನ್ನು ತಿದ್ದುವ ಮಕ್ಕಳು ತಮಗೆ ಅರಿವಿಲ್ಲದೆಯೇ ಒಂದು ದೊಡ್ಡ ಪ್ರಾಣಿಯನ್ನು ಅಂಗೈಯ ಅಳತೆಗೆ ಇಳಿಸುತ್ತಿರುತ್ತಾರೆ. ಆಷಾಢದ ಗುಳ್ಳವ್ವನ ಬೊಂಬೆಗಳೂ ಇದೇ ಜಾತಿಯವು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರವಾದ ಮರ, ಹುಣಸೆ ಬೀಜದ ಅಂಟು, ಮರದ ಹೊಟ್ಟುಗಳಿಂದ ಬಣ್ಣದ ಬೊಂಬೆಗಳನ್ನು ಮಾಡುವ ಕುಶಲಕರ್ಮಿಗಳಿದ್ದಾರೆ. ಇನ್ನು ಸುರಪುರದಲ್ಲಂತೂ ನಾಯಕ ಅರಸರ ಆಶ್ರಯದಲ್ಲಿ ಕಿರುಚಿತ್ರಗಳ ಒಂದು ಸಂಪ್ರದಾಯವೇ ಬೆಳೆಯಿತು. ಗರುಡಾದ್ರಿ ಮನೆತನದ ಚಿತ್ರಕಾರರು ಅದಕ್ಕೆ ಹೆಸರಾದವರು. ಆದುದರಿಂದ ಕೈಯ ಕುಶಲತೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಅದಕ್ಕೆ ಅಳತೆಯನ್ನೂ ತರ್ಕವನ್ನೂ ಸೇರಿಸಬೇಕಾಗಿದೆ, ಅಷ್ಟೆ.

ಸೈನ್ಯವನ್ನು ಪಟದ ಮೇಲೆ ನಡೆಸುವ ಕಲ್ಪನೆಯೂ ನಮ್ಮದೇ. ಚತುರಂಗವೆಂಬ ಹೆಸರೇ ಆನೆ, ರಥ, ಕುದುರೆ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳಿಂದ ಬಂದದ್ದು. ಆದರೆ ಚದುರಂಗದಲ್ಲಿ ನೆಲ ಸಮತಟ್ಟು, ಎರಡು ಪಕ್ಷಗಳೂ ಸಮ, ದೈವಕ್ಕೆ ಎಡೆಯಿಲ್ಲ. ನಿಜವಾದ ರಣರಂಗದಲ್ಲಿ ಹಾಗಿರುವುದಿಲ್ಲ. ಈ ಕೊರತೆಯನ್ನು ತುಂಬಲು ಪ್ರಷ್ಯದಲ್ಲಿ ರೈಸ್‌ವಿಟ್ಜ್ ಎಂಬ ತಂದೆ ಮಗ ಯತ್ನಿಸಿದರು. ಮಗ 1824ರಲ್ಲಿ ಪ್ರಕಟಿಸಿದ ಆಟದಲ್ಲಿ ನಿಜವಾದ ನಕ್ಷೆ, ನಿಜವಾದ ನಡಿಗೆಯ ವೇಗ, ದಾಳದಿಂದ ನಿರ್ಣಯವಾಗುವ ಗೆಲವು ಸೋಲುಗಳು ಇದ್ದವು. ಪ್ರಷ್ಯದ ಸೈನ್ಯ ಅದನ್ನು ಅಧಿಕಾರಿಗಳ ಶಿಕ್ಷಣಕ್ಕೆ ಅಳವಡಿಸಿಕೊಂಡಿತು. ಅನಂತರ 1913ರಲ್ಲಿ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಸಾಮಾನ್ಯ ಜನರಿಗಾಗಿ ಬೊಂಬೆ ಸಿಪಾಯಿಗಳ ಆಟದ ನಿಯಮಗಳನ್ನು ಬರೆದನು. ವೆಲ್ಸ್ ಜೀವವಿಜ್ಞಾನವನ್ನು ಓದಿದವನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಪ್ರಾಚೀನ ಕಾಲದ ಯುದ್ಧಗಳಿಗೇ ಮೀಸಲಾದ ಸಂಘವೊಂದು 1965ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. 1969ರಲ್ಲಿ ಪ್ರಾಚೀನ ಸೇನೆಗಳಿಗೆ ಹೊಂದುವ ನಿಯಮಾವಳಿ ಅಲ್ಲಿ ಅಚ್ಚಾಯಿತು. 1990ರಲ್ಲಿ ಪ್ರಕಟವಾದ ಇನ್ನೊಂದು ನಿಯಮಾವಳಿಯಂತೆ ಒಂದೊಂದು ಪಕ್ಷಕ್ಕೆ ಹನ್ನೆರಡು ತುಕಡಿಗಳಿದ್ದರೆ ಸಾಕು. ಹನ್ನೆರಡು ರಟ್ಟಿನ ತುಂಡುಗಳ ಮೇಲೆ ಅಂಟಿಸಿದ ಕೆಲವು ಹತ್ತು ಬೊಂಬೆಗಳು. ಅದೇ ಒಂದು ಸೈನ್ಯ.

ಇಷ್ಟು ಪೂರ್ವಕಥೆ ಸಾಕು. ಇನ್ನು ಇದರಲ್ಲಿ ವಿಜ್ಞಾನವೆಲ್ಲಿದೆ ಎಂಬುದನ್ನು ನೋಡೋಣ.

ಅಳತೆಯ ಪಾಠ

ಬೊಂಬೆ ಸೈನ್ಯಗಳಲ್ಲಿ ಬಹಳ ರೂಢಿಯಲ್ಲಿರುವ ಅಳತೆಗಳಲ್ಲೊಂದು ಸುಮಾರು 28 ಮಿಲಿಮೀಟರು ಎತ್ತರದ ಆಳು. ಒಂದಕ್ಕೆ ಅರವತ್ತರ ಪ್ರಮಾಣವನ್ನು ತೆಗೆದುಕೊಂಡರೆ 1.65 ಮೀಟರು ಎತ್ತರದ ಮನುಷ್ಯ 27.5 ಮಿಲಿಮೀಟರು ಆಗುತ್ತಾನೆ. ಮೂರು ಮೀಟರು ಎತ್ತರದ ಆನೆ ಐದು ಸೆಂಟಿಮೀಟರಿಗೆ ಇಳಿಯುತ್ತದೆ. ಇಲ್ಲಿಯವರೆಗೆ ಲೆಕ್ಕ ಸುಲಭ. ಆದರೆ ನಾಲ್ಕು ಸಾವಿರ ಕಿಲೋಗ್ರಾಂ ತೂಗುವ ಆನೆಯ ಬೊಂಬೆ ಎಷ್ಟು ತೂಗಬೇಕು? ಅರವತ್ತರಿಂದ ಭಾಗಿಸಿ ಅರವತ್ತೇಳು ಕಿಲೋಗ್ರಾಂ ಎಂದು ಉತ್ತರಿಸುವ ವಿದ್ಯಾರ್ಥಿಗಳು ಕಡಮೆಯಿಲ್ಲ. ಅಂಗೈಯಲ್ಲಿ ಕೂರುವ ಬೊಂಬೆ ಒಬ್ಬ ಮನುಷ್ಯನಷ್ಟು ತೂಗುವುದೆಂತು? ಉದ್ದ ಅರವತ್ತರಲ್ಲಿ ಒಂದು ಪಾಲಾದರೆ, ಅಗಲವೂ ಎತ್ತರವೂ ಹಾಗೆಯೇ ಇಳಿಯುವುದರಿಂದ, ಘನ ಗಾತ್ರ 60×60×60, ಎಂದರೆ 2,16,000ದಲ್ಲಿ ಒಂದು ಪಾಲಾಗುತ್ತದೆ. ಲೆಕ್ಕ ಹಾಕಿದರೆ ಬರುವುದು ಹದಿನೆಂಟೂವರೆ ಗ್ರಾಂ. ಒಣಮಣ್ಣು ಪ್ರಾಣಿಯ ದೇಹಕ್ಕಿಂತ ಹೆಚ್ಚು ಸಾಂದ್ರವಾದುದರಿಂದ ನಮ್ಮ ಮಣ್ಣಿನ ಆನೆ ಅದರ ಸುಮಾರು ಒಂದೂಮುಕ್ಕಾಲು ಪಟ್ಟು ತೂಗಬಹುದು. ತಕ್ಕಡಿಯಲ್ಲಿಟ್ಟು ತೂಗಿ ನೋಡಿದ ವಿದ್ಯಾರ್ಥಿ ಘನದ ನಿಯಮವನ್ನು ಮತ್ತೆ ಮರೆಯಲಾರನು.

ಇದರಿಂದ ಇನ್ನೊಂದು ಸ್ವಾರಸ್ಯ ಹೊರಡುತ್ತದೆ. ತೂಕ ಉದ್ದದ ಘನದಂತೆ ಇಳಿಯುವಾಗ, ಅದನ್ನು ಹೊರುವ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ವರ್ಗದಂತೆ ಮಾತ್ರ ಇಳಿಯುತ್ತದೆ. ಆದುದರಿಂದ ಬೊಂಬೆಯ ಕಾಲುಗಳ ಮೇಲೆ ಬೀಳುವ ಒತ್ತಡ ನಿಜವಾದ ಪ್ರಾಣಿಯ ಕಾಲಿನ ಮೇಲೆ ಬೀಳುವ ಒತ್ತಡದ ಅರವತ್ತರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಹೀಗಿದ್ದರೂ ಬೊಂಬೆಯ ಕೈಯಲ್ಲಿರುವ ಭರ್ಜಿ ಪದೇ ಪದೇ ಮುರಿಯುವುದೇಕೆ? ಭರ್ಜಿ ಕಿರಿದಾಯಿತು, ಅದರ ತೂಕ ಕಿರಿದಾಯಿತು. ಆದರೆ ಅದನ್ನು ಎತ್ತಿಡುವ ನಮ್ಮ ಬೆರಳಿನ ಬಲ ಕಿರಿದಾಗಲಿಲ್ಲ! ಮೂರು ಸೆಂಟಿಮೀಟರು ದಪ್ಪದ ಬಿದಿರಿನ ಗಳ ಅರ್ಧ ಮಿಲಿಮೀಟರಿನ ಕಡ್ಡಿಯಾಗಿದೆ. ಅದರ ಮೇಲೆ ಎರಗುವುದು ಮಾತ್ರ ಪೂರ್ಣ ಪ್ರಮಾಣದ ಹೆಬ್ಬೆರಳು. ಆದಕಾರಣ ಭರ್ಜಿಗೆ ಕಸಬರಿಗೆಯ ಕಡ್ಡಿಗಿಂತ ತೆಳುವಾದ ತಂತಿ ಮೇಲು. ಯಂತ್ರಗಳ ಮಾದರಿಗಳನ್ನು ಮಾಡುವ ಇಂಜಿನಿಯರುಗಳು ಎದುರಿಸುವ ಸಮಸ್ಯೆಯೂ ಇದೇ: ಎಲ್ಲ ಬಲಗಳೂ ಒಂದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ.

ಮಣ್ಣಿನ ವಿಷಯವಾಗಿಯೂ ಒಂದು ಮಾತು. ನಮ್ಮ ಸೀಮೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಬೇಸಗೆಯಲ್ಲಿ ಹೊಲದ ಬಿರುಕುಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಬರಿಯ ಎರೆಮಣ್ಣಿನ ಕುದುರೆ ಮರುದಿನವೇ ಕಾಲು ಕಳೆದುಕೊಂಡೀತು. ಸೋಸಿದ ಮರಳು, ಬೂದಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಹತ್ತು ಸೆಂಟಿಮೀಟರು ಉದ್ದದ ಪಟ್ಟಿಗಳನ್ನು ಮಾಡಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಅಳೆಯಿರಿ. ಒಂದು ಪಟ್ಟಿ ಒಂಬತ್ತು ಸೆಂಟಿಮೀಟರಿಗೆ ಕುಗ್ಗಿತೆನ್ನೋಣ. ಆ ಮಣ್ಣಿನಲ್ಲಿ ಐದು ಸೆಂಟಿಮೀಟರಿನ ಆನೆ ಬೇಕಾದರೆ ಹಸಿಯಾಗಿರುವಾಗ ಅದನ್ನು ಐದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿಯೇ ಮಾಡಬೇಕು. ಮಣ್ಣಿನ ಗುಣವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಹೀಗೆ ಅಳೆದು ತಿಳಿಯುವುದು ಲೇಸು. ಊರಿನ ಕುಂಬಾರರನ್ನು ಕೇಳಿದರೆ ಇನ್ನೂ ಲೇಸು. ಒಂದು ಎಚ್ಚರಿಕೆ: ಹಿಂದೆ ಬೊಂಬೆ ಸಿಪಾಯಿಗಳನ್ನು ಸೀಸದಿಂದ ಎರಕ ಹೊಯ್ಯುತ್ತಿದ್ದರು. ಸೀಸ ವಿಷವಸ್ತು. ಅದನ್ನು ಕರಗಿಸುವ ಸಾಹಸಕ್ಕೆ ವಿದ್ಯಾರ್ಥಿಗಳು ಕೈಹಾಕಬಾರದು.

ಒಂದೇ ಮೇಜು, ಎರಡು ಪ್ರಮಾಣ

ಬೊಂಬೆಗಳಾದ ಮೇಲೆ ನೆಲ. ಬಿಲ್ಲಿನ ಬಾಣ 150 ಮೀಟರು ಹೋಗುತ್ತದೆಂದು ಇಟ್ಟುಕೊಳ್ಳೋಣ. ನೆಲಕ್ಕೂ ಒಂದಕ್ಕೆ ಅರವತ್ತರ ಪ್ರಮಾಣವನ್ನೇ ಹಿಡಿದರೆ ಬಾಣದ ಹಾದಿ ಎರಡೂವರೆ ಮೀಟರು ಆಗುತ್ತದೆ. ಶಾಲೆಯ ಮೇಜನ್ನು ದಾಟಿ ಬಾಣ ಗೋಡೆಗೆ ತಾಕೀತು. ಆದುದರಿಂದ ನೆಲಕ್ಕೆ ಬೇರೆ ಪ್ರಮಾಣ ಬೇಕು. ಒಂದಕ್ಕೆ ಸಾವಿರವೆಂದರೆ ಎರಡು ಮೀಟರಿನ ಮೇಜು ಎರಡು ಕಿಲೋಮೀಟರಿನ ಬಯಲಾಗುತ್ತದೆ, ಬಾಣದ ಹಾದಿ 15 ಸೆಂಟಿಮೀಟರು ಆಗುತ್ತದೆ. ಆಗ ಎರಡು ಸೆಂಟಿಮೀಟರು ಅಗಲದ ರಟ್ಟಿನ ಮೇಲೆ ನಿಂತ ಒಬ್ಬ ಬೊಂಬೆ ಆಳು ಇಪ್ಪತ್ತು ಮೀಟರು ನೆಲವನ್ನು ಆಕ್ರಮಿಸುತ್ತಾನೆ. ಒಬ್ಬೊಬ್ಬರಿಗೆ ಒಂದು ಮೀಟರಿನಂತೆ ಅಲ್ಲಿ ಇಪ್ಪತ್ತು ಜನ ನಿಲ್ಲಬಹುದು. ಎಂಟು ಸಾಲುಗಳಿದ್ದರೆ ಅವನು ನೂರರವತ್ತು ಜನರ ಪ್ರತಿನಿಧಿ.

ಕಾಲವನ್ನೂ ಹೀಗೆಯೇ ಇಳಿಸಬೇಕು. ಒಂದು ಸರದಿ ಮೂರು ನಿಮಿಷಗಳಿಗೆ ಸಮವೆಂದರೆ, ನಿಮಿಷಕ್ಕೆ 80 ಮೀಟರು ನಡೆಯುವ ಕಾಲಾಳು ಒಂದು ಸರದಿಯಲ್ಲಿ 24 ಸೆಂಟಿಮೀಟರು ಸಾಗುತ್ತಾನೆ. ನೂರು ಮೀಟರು ನಡೆಯುವ ಆನೆ 30 ಸೆಂಟಿಮೀಟರು. ಇನ್ನೂರು ಮೀಟರು ಓಡುವ ಕುದುರೆ 60 ಸೆಂಟಿಮೀಟರು. ಸಾಲು ಕೆಡದಂತೆ ನಡೆಯಬೇಕಾದ ತುಕಡಿ ಒಂಟಿ ಆಳಿಗಿಂತ ನಿಧಾನ. ಅದನ್ನು ಎಷ್ಟು ಕಡಮೆ ಮಾಡಬೇಕೆಂಬುದನ್ನು ಶಾಲೆಯ ಮೈದಾನದಲ್ಲಿ ಮೂವತ್ತು ವಿದ್ಯಾರ್ಥಿಗಳನ್ನು ಸಾಲಾಗಿ ನಡೆಸಿ, ಗಡಿಯಾರ ಹಿಡಿದು ಕಂಡುಕೊಳ್ಳಬಹುದು. ನೂರು ಮೀಟರು ಎತ್ತರದ ಗುಡ್ಡ ಈ ಮೇಜಿನ ಮೇಲೆ ಹತ್ತು ಸೆಂಟಿಮೀಟರು. ಅದರ ಬುಡದಲ್ಲಿ ನಿಂತ ಬೊಂಬೆ ಆಳು ಮಾತ್ರ ಗುಡ್ಡದ ಕಾಲುಭಾಗಕ್ಕಿಂತ ಎತ್ತರ! ಈ ಅಸಂಗತಿಯನ್ನು ಮುಚ್ಚಿಡಬಾರದು. ಮಾದರಿಯೆಂಬುದು ನಿಜದ ಎಲ್ಲ ಗುಣಗಳನ್ನೂ ಒಮ್ಮೆಗೇ ಉಳಿಸಿಕೊಳ್ಳಲಾರದು. ಯಾವುದನ್ನು ಉಳಿಸಿದೆವು, ಯಾವುದನ್ನು ಬಿಟ್ಟೆವು ಎಂದು ಬರೆದಿಡುವುದೇ ವಿಜ್ಞಾನದ ಶಿಸ್ತು. ಭೂಪಟ, ಪರಮಾಣುವಿನ ಚಿತ್ರ, ಸೌರಮಂಡಲದ ಮಾದರಿ, ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ದೊಡ್ಡ ಸಂಖ್ಯೆಗಳ ಪರೀಕ್ಷೆ

ಈಗ ನಮ್ಮ ವಾದದ ಮುಖ್ಯ ಭಾಗಕ್ಕೆ ಬರುತ್ತೇವೆ. ಹಳೆಯ ಗ್ರಂಥಗಳಲ್ಲಿ ಸೈನ್ಯದ ಸಂಖ್ಯೆಗಳನ್ನು ಓದಿ ತಲೆದೂಗುವುದು ನಮಗೆ ಅಭ್ಯಾಸವಾಗಿದೆ. ಬೊಂಬೆ ಸೈನ್ಯ ಕಟ್ಟುವವನು ತಲೆದೂಗಿ ಸುಮ್ಮನಿರಲಾರ. ಆ ಸೈನ್ಯವನ್ನು ಅವನು ಎಲ್ಲಿಯಾದರೂ ನಿಲ್ಲಿಸಬೇಕು, ಅದಕ್ಕೆ ನೀರು ಮೇವು ಒದಗಿಸಬೇಕು.

ಮಹಾಭಾರತದ ಸೇನಾ ಗಣನೆಯನ್ನು ತೆಗೆದುಕೊಳ್ಳಿ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅದನ್ನು ಮೂರು ಮೂರರಿಂದ ಗುಣಿಸುತ್ತ ಹೋದರೆ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ. ಅನೀಕಿನಿಯ ಹತ್ತರಷ್ಟು ಅಕ್ಷೌಹಿಣಿ. ಮೂರರ ಏಳನೆಯ ಘಾತ 2,187. ಅದರ ಹತ್ತು ಪಟ್ಟು 21,870. ಅಷ್ಟು ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು ಒಂದು ಅಕ್ಷೌಹಿಣಿಯಲ್ಲಿವೆ. ಎಂತಹ ಸೊಗಸಾದ ಗುಣೋತ್ತರ ಶ್ರೇಢಿ! ಕುದುರೆಗಳನ್ನೇ ಒಂದೊಂದು ಮೀಟರು ಅಂತರದಲ್ಲಿ ಒಂದೇ ಸಾಲಾಗಿ ನಿಲ್ಲಿಸಿದರೆ ಸಾಲು ಅರವತ್ತೈದು ಕಿಲೋಮೀಟರು ಮೀರುತ್ತದೆ. ಆನೆಗೆ ದಿನಕ್ಕೆ ನೂರೈವತ್ತು ಲೀಟರು, ಕುದುರೆಗೆ ಮೂವತ್ತು, ಮನುಷ್ಯನಿಗೆ ಐದು ಲೀಟರು ನೀರೆಂದು ಹಿಡಿದು, ರಥವೊಂದಕ್ಕೆ ನಾಲ್ಕು ಕುದುರೆಗಳನ್ನು ಸೇರಿಸಿದರೆ, ಒಂದು ಅಕ್ಷೌಹಿಣಿಗೆ ದಿನಕ್ಕೆ ಎಂಬತ್ತು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು. ಒಂದು ಹೆಕ್ಟೇರು ವಿಸ್ತಾರ, ಒಂದು ಮೀಟರು ಆಳದ ಕೆರೆಯಲ್ಲಿರುವುದು ಒಂದು ಕೋಟಿ ಲೀಟರು. ಆ ಕೆರೆ ಎರಡು ದಿನ ಬಾರದು. ಹದಿನೆಂಟು ಅಕ್ಷೌಹಿಣಿಗಳ ಪಾಡೇನು? ಈ ಪ್ರಶ್ನೆಯಿಂದ ಕಾವ್ಯಕ್ಕೆ ಕುಂದಿಲ್ಲ. ಅದರ ಸಂಖ್ಯೆ ಜನಗಣತಿಯಲ್ಲ, ಕಲ್ಪನೆಯ ಒಂದು ಕ್ರಮ ಎಂಬುದು ಮಾತ್ರ ಸ್ಪಷ್ಟವಾಗುತ್ತದೆ. ನಲವತ್ತೈದು ಜನರ ತರಗತಿಯೊಂದು ಒಬ್ಬೊಬ್ಬರು ಎರಡೆರಡು ಬೊಂಬೆಗಳಂತೆ ಮಾಡಿದರೆ ಸರಿಯಾಗಿ ಒಂದು ಗುಲ್ಮವಾಗುತ್ತದೆ: ಒಂಬತ್ತು ರಥ, ಒಂಬತ್ತು ಆನೆ, ಇಪ್ಪತ್ತೇಳು ಕುದುರೆ, ನಲವತ್ತೈದು ಕಾಲಾಳು. ಅದನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದಾಗಲೇ ಅಕ್ಷೌಹಿಣಿಯ ಅಗಾಧತೆ ಮನಸ್ಸಿಗೆ ಹತ್ತೀತು.

ಕಾವ್ಯವನ್ನು ಬಿಟ್ಟು ಚರಿತ್ರೆಗೆ ಬರೋಣ. ಏಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಎರಡು ಸೈನ್ಯಗಳ ಮಾತೆತ್ತುತ್ತಾನೆ. ಹರ್ಷವರ್ಧನನ ಆನೆಗಳು ಐದು ಸಾವಿರದಿಂದ ಅರವತ್ತು ಸಾವಿರಕ್ಕೂ, ಕುದುರೆಗಳು ಇಪ್ಪತ್ತು ಸಾವಿರದಿಂದ ಒಂದು ಲಕ್ಷಕ್ಕೂ ಬೆಳೆದುವೆನ್ನುತ್ತಾನೆ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ನಾಡಿನ ವಿಷಯದಲ್ಲಿ, ಯುದ್ಧಕ್ಕೆ ಮುನ್ನ ಮದ್ಯ ಕುಡಿಸಿ ಕೆರಳಿಸುತ್ತಿದ್ದ ಕೆಲವು ನೂರು ಆನೆಗಳಿದ್ದುವೆನ್ನುತ್ತಾನೆ. ಎರಡನ್ನೂ ತಕ್ಕಡಿಗೆ ಹಾಕಿ. ಆನೆಯೊಂದಕ್ಕೆ ದಿನಕ್ಕೆ 150 ಕಿಲೋಗ್ರಾಂ ಮೇವೆಂದರೆ ಅರವತ್ತು ಸಾವಿರ ಆನೆಗಳಿಗೆ ಒಂಬತ್ತು ಸಾವಿರ ಟನ್ನು. ಬಂಡಿಗೆ ಒಂದು ಟನ್ನಿನಂತೆ ಒಂಬತ್ತು ಸಾವಿರ ಎತ್ತಿನ ಬಂಡಿಗಳು. ಒಂದೊಂದಕ್ಕೆ ಎಂಟು ಮೀಟರು ಜಾಗವೆಂದರೆ ಎಪ್ಪತ್ತೆರಡು ಕಿಲೋಮೀಟರು ಉದ್ದದ ಸಾಲು, ಅದೂ ಪ್ರತಿದಿನ! 2025ರಲ್ಲಿ ಪ್ರಕಟವಾದ ಅಂದಾಜಿನಂತೆ ಇಡೀ ಭಾರತದ ಕಾಡಾನೆಗಳು ಸುಮಾರು 22,446. ಅಂದಿನ ಕಾಡು ಇಂದಿಗಿಂತ ವಿಶಾಲವಾಗಿತ್ತೆಂದು ಒಪ್ಪಿದರೂ, ಒಬ್ಬ ಅರಸನ ಲಾಯದಲ್ಲಿ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಆನೆಗಳನ್ನು ನಂಬುವುದು ಕಷ್ಟ. ಇನ್ನು ಮುನ್ನೂರು ಆನೆಗಳಾದರೋ? ದಿನಕ್ಕೆ ನಲವತ್ತೈದು ಟನ್ನು, ನಲವತ್ತೈದು ಬಂಡಿಗಳು. ಇದು ಆಗುವ ಮಾತು.

ಹರ್ಷನನ್ನು ಪುಲಕೇಶಿ ತಡೆದನೆಂಬುದು 634ರ ಐಹೊಳೆ ಶಾಸನದಿಂದ ನಮಗೆ ತಿಳಿದಿದೆ. ಅರವತ್ತು ಸಾವಿರ ಆನೆಗಳನ್ನು ಕೆಲವು ನೂರು ಆನೆಗಳು ತಡೆದುವೆಂದು ಹೆಮ್ಮೆಪಡುವುದು ಸುಲಭ. ಒಬ್ಬನೇ ಯಾತ್ರಿಕನ ಒಂದೇ ಪುಸ್ತಕದಲ್ಲಿ ಒಂದು ಸಂಖ್ಯೆ ಅಳತೆಗೆ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ ಎಂದು ಗುಣಾಕಾರ ಮಾಡಿ ಕಂಡುಕೊಳ್ಳುವುದು ಅದಕ್ಕಿಂತ ದೊಡ್ಡ ವಿದ್ಯೆ. ದಿನವೂ ಕೈಗಡಿಯಾರದಷ್ಟು ಹತ್ತಿರದಲ್ಲಿ ಹೊಳೆಯುವ ಫೋನಿನ ತೆರೆಯ ಮೇಲೆ ಲಕ್ಷ ಕೋಟಿಗಳ ಸಂಖ್ಯೆಗಳನ್ನು ಓದುವ ಇಂದಿನ ವಿದ್ಯಾರ್ಥಿಗೆ ಈ ವಿದ್ಯೆ ಬೇಡವೆನ್ನುವವರು ಯಾರು?

ದಾಳವೂ ನಿಯಮವೂ

ದಾಳ ಹಾಕಿ ಯುದ್ಧ ಗೆಲ್ಲುವುದಾದರೆ ಅದರಲ್ಲಿ ವಿಜ್ಞಾನವೆಲ್ಲಿ ಎಂಬ ಆಕ್ಷೇಪ ಬರುತ್ತದೆ. ಇಬ್ಬರೂ ಆರು ಮುಖಗಳ ಒಂದೊಂದು ದಾಳ ಹಾಕಲಿ. ಒಟ್ಟು ಮೂವತ್ತಾರು ಸಂಭವಗಳಲ್ಲಿ ಆರು ಸಮ. ಉಳಿದ ಮೂವತ್ತರಲ್ಲಿ ಹದಿನೈದು ನಿಮಗೆ, ಹದಿನೈದು ಎದುರಾಳಿಗೆ. ಈಗ ನಿಮ್ಮ ತುಕಡಿ ದಿಬ್ಬದ ಮೇಲಿದೆಯೆಂದು ನಿಮ್ಮ ದಾಳಕ್ಕೆ ಎರಡನ್ನು ಕೂಡಿಸಿದರೆ, ನಿಮ್ಮ ಗೆಲವು ಇಪ್ಪತ್ತಾರು, ಸಮ ನಾಲ್ಕು, ಸೋಲು ಆರು. ಆರರಲ್ಲಿ ಒಂದು ಸಲ ನೀವು ಸೋತೇ ಸೋಲುತ್ತೀರಿ. ಆದರೆ ಹನ್ನೆರಡು ಕದನಗಳಾದರೆ ಸರಾಸರಿ ಎರಡರಲ್ಲಿ ಮಾತ್ರ. ಒಂದೊಂದು ಘಟನೆ ಅನಿಶ್ಚಿತ, ಘಟನೆಗಳ ಸಮೂಹ ನಿಯಮಬದ್ಧ: ಅನಿಲದ ಅಣುಗಳಿಗೂ ವಿಕಿರಣ ಧಾತುವಿನ ಪರಮಾಣುಗಳಿಗೂ ಅನ್ವಯಿಸುವ ಈ ತತ್ತ್ವವನ್ನು ಇಷ್ಟು ಹಗುರವಾಗಿ ಕಲಿಸುವ ಸಾಧನ ಬೇರೊಂದಿಲ್ಲ.

ಇನ್ನೊಂದು ನಿಯಮವನ್ನು ಇಂಗ್ಲೆಂಡಿನ ಇಂಜಿನಿಯರ್ ಲ್ಯಾಂಚೆಸ್ಟರ್ ಒಂದನೆಯ ಮಹಾಯುದ್ಧದ ಕಾಲದಲ್ಲಿ ಮುಂದಿಟ್ಟನು; 1916ರಲ್ಲಿ ಅದು ಅವನ ಪುಸ್ತಕದಲ್ಲಿ ಅಚ್ಚಾಯಿತು. ಪ್ರಾಚೀನ ಯುದ್ಧದಲ್ಲಿ ಕತ್ತಿ ಹಿಡಿದವನು ಒಂದು ಹೊತ್ತಿಗೆ ಒಬ್ಬನೊಡನೆ ಮಾತ್ರ ಕಾದುತ್ತಾನೆ. ಹಿಂದೆ ನಿಂತವರು ಸರದಿ ಕಾಯಬೇಕು. ಆಗ ಸಾಮರ್ಥ್ಯ ಸಂಖ್ಯೆಯಂತೆ ಬೆಳೆಯುತ್ತದೆ. ಸಮಬಲದ ಆಳುಗಳು ಸಾವಿರ ಈ ಕಡೆ, ಐನೂರು ಆ ಕಡೆ ಇದ್ದರೆ, ಆ ಕಡೆ ಮುಗಿಯುವಾಗ ಈ ಕಡೆ ಐನೂರು ಉಳಿಯುತ್ತಾರೆ. ದೂರದಿಂದ ಎಲ್ಲರೂ ಎಲ್ಲರ ಮೇಲೆ ಗುರಿಯಿಡಬಲ್ಲ ಕೋವಿಯ ಯುದ್ಧದಲ್ಲಿಯಾದರೆ ಸಾಮರ್ಥ್ಯ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ. ಆಗ ಉಳಿಯುವವರು ಸುಮಾರು 866. ಆಯುಧ ಬದಲಾದರೆ ಗಣಿತವೇ ಬದಲಾಗುತ್ತದೆಯೆಂಬುದು ಇದರ ತಾತ್ಪರ್ಯ.

ಈ ಎರಡು ನಿಯಮಗಳನ್ನೂ ಒರೆಗೆ ಹಚ್ಚಲು ನಮ್ಮ ನೆರೆಯಲ್ಲಿಯೇ ಒಂದು ಕ್ಷೇತ್ರವಿದೆ. ಸುರಪುರ ತಾಲ್ಲೂಕಿನ ವಾಗಣಗೇರಿಯ ಕೋಟೆಯನ್ನು ಔರಂಗಜೇಬ 1705ರ ಫೆಬ್ರವರಿಯಲ್ಲಿ ಮುತ್ತಿದನು. ಆಗ ಅವನ ವಯಸ್ಸು ಎಂಬತ್ತಾರು. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. ಎದುರಿಗಿದ್ದವನು ಬೇಡರ ನಾಯಕ ಪೀಡ ನಾಯಕ. ಅವನ ಆಳುಗಳು ಕೋವಿಯ ಗುರಿಗೆ ಹೆಸರಾದವರು. ನೆರವಿಗೆ ಮರಾಠರೂ ಬಂದರು. ಕೋಟೆ ಏಪ್ರಿಲ್ ಕೊನೆಗೆ ಮೊಗಲರ ಕೈಸೇರಿತು, ನಾಯಕ ಮಾತ್ರ ಸಿಕ್ಕಲಿಲ್ಲ. ಬಾದಶಹ ಕೃಷ್ಣೆಯ ಸಮೀಪದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದನು. ಅಲ್ಲಿಯೇ ಕಾಯಿಲೆ ಬಿದ್ದನು. ಇದು ಪ್ರಾಚೀನ ಯುದ್ಧವಲ್ಲ ನಿಜ. ಆದರೆ ಇಕ್ಕಟ್ಟಾದ ಗುಡ್ಡದ ಹಾದಿಯಲ್ಲಿ ಹತ್ತು ಜನರಷ್ಟೇ ಸಾಲಾಗಿ ಬರಲು ಸಾಧ್ಯವಾದರೆ ಹಿಂದಿರುವ ಹತ್ತು ಸಾವಿರ ಜನರ ಉಪಯೋಗವೇನು? ಬಂಡೆಯ ಮರೆಯಲ್ಲಿರುವವನಿಗೆ ಗುರಿಯಿಡುವುದೆಂತು? ವರ್ಗದ ನಿಯಮವನ್ನು ನೆಲವೇ ಮತ್ತೆ ಹಳೆಯ ಸರಳ ನಿಯಮಕ್ಕೆ ಇಳಿಸಿಬಿಡುತ್ತದೆ. ದೊಡ್ಡ ಸೈನ್ಯದ ಬೀಡು ನದಿಯ ಬಳಿಯೇ ಏಕಿರಬೇಕೆಂಬುದಕ್ಕೂ ನೀರಿನ ಲೆಕ್ಕ ಉತ್ತರ ಹೇಳುತ್ತದೆ. ಇವನ್ನೆಲ್ಲ ಗುಡ್ಡದ ಮಾದರಿ ಮಾಡಿ ಕಣ್ಣಾರೆ ಕಾಣಬಹುದು.

ಆಕ್ಷೇಪಗಳು

ವೆಚ್ಚದ ಆಕ್ಷೇಪಕ್ಕೆ ಉತ್ತರವನ್ನು ಆಗಲೇ ಹೇಳಿದ್ದೇವೆ: ಮಣ್ಣು, ರಟ್ಟು, ತಂತಿ, ಬಣ್ಣ, ಎರಡು ದಾಳ. ಇವಕ್ಕಾಗಿ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಇದು ಯುದ್ಧವನ್ನು ವೈಭವೀಕರಿಸುವುದಿಲ್ಲವೇ? ಸುರಪುರದವರಿಗೆ ಯುದ್ಧ ಆಟವಾಗಿರಲಿಲ್ಲ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಸೇನೆ ಊರಿನ ಮೇಲೆ ಬಂದಿತು, ರಾಜಾ ವೆಂಕಟಪ್ಪ ನಾಯಕ ಸೆರೆಯಾಗಿ ಅದೇ ವರ್ಷ ತೀರಿಹೋದನು, ಸಂಸ್ಥಾನವೇ ಅಳಿಯಿತು. ಈ ನೆನಪಿರುವ ನೆಲದಲ್ಲಿ ಬೊಂಬೆಗಳನ್ನು ಕೆಡವಿ ಕೇಕೆ ಹಾಕುವುದು ಸಲ್ಲದು. ಆದುದರಿಂದ ನಮ್ಮ ಸಲಹೆ ಇದು: ಪ್ರತಿಯೊಂದು ಬೊಂಬೆಯ ರಟ್ಟಿನ ಅಡಿಯಲ್ಲಿ ಅದು ಎಷ್ಟು ಜನರ ಪ್ರತಿನಿಧಿಯೆಂದು ಬರೆದಿರಬೇಕು, ಪಟದಿಂದ ತೆಗೆದ ಬೊಂಬೆಗಳ ಆ ಸಂಖ್ಯೆಗಳನ್ನು ಆಟದ ಕೊನೆಯಲ್ಲಿ ಕೂಡಿಸಿ ಗಟ್ಟಿಯಾಗಿ ಓದಬೇಕು. ‘ನೂರರವತ್ತು’ ಎಂಬುದನ್ನು ಏಳು ಸಲ ಓದಿದ ಮೇಲೆ ಗೆದ್ದವನ ಮುಖದಲ್ಲಿಯೂ ನಗೆ ಉಳಿಯಲಾರದು. ವೆಲ್ಸನೂ ತನ್ನ ಪುಸ್ತಕದ ಕೊನೆಯಲ್ಲಿ, ಕಿರಿಯ ಯುದ್ಧವನ್ನು ಆಡಿದವನಿಗೆ ಹಿರಿಯ ಯುದ್ಧದ ಅವಿವೇಕ ತಿಳಿದೀತೆಂಬ ಆಶಯವನ್ನೇ ಹೇಳಿದ್ದಾನೆ. ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಅವನ ಮಾತು ಸುಳ್ಳಾಗಲಿಲ್ಲ. ಅದನ್ನು ಕೇಳಬೇಕಾದವರು ಕೇಳಲಿಲ್ಲ.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅದೇ ಎಲ್ಲಕ್ಕಿಂತ ಬಲವಾದದ್ದು. ‘ನಮ್ಮ ಕಡೆಯವರು ಸೋಲುವ ಆಟ ನಮಗೆ ಬೇಡ’ ಎಂಬುದೇ ಅದು. ಪುಲಕೇಶಿ ಸೋಲಬಾರದು, ವಾಗಣಗೇರಿ ಬೀಳಬಾರದು ಎಂದು ನಿಯಮಗಳನ್ನು ತಿದ್ದಿಕೊಂಡರೆ ಆಟ ನಡೆಯುತ್ತದೆ, ಅರಿವು ನಡೆಯುವುದಿಲ್ಲ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಲೋಲಕದ ಆಂದೋಲನಗಳನ್ನು ಎಣಿಸುವ ವಿದ್ಯಾರ್ಥಿಯನ್ನು ನಾವು ಪ್ರಯೋಗಶಾಲೆಯಲ್ಲಿ ಗದರಿಸುತ್ತೇವೆ. ಚರಿತ್ರೆಯ ವಿಷಯದಲ್ಲಿ ಮಾತ್ರ ಅದೇ ಕೆಲಸವನ್ನು ಅಭಿಮಾನವೆಂದು ಹೊಗಳುವುದು ನ್ಯಾಯವೇ? ನಮ್ಮ ಪಕ್ಷ ಸೋಲಲು ಎಡೆಯಿರುವ ಮಾದರಿಯಿಂದ ಮಾತ್ರ ನಮ್ಮವರು ನಿಜವಾಗಿ ಹೇಗೆ ಗೆದ್ದರು, ಏಕೆ ಉಳಿದರು ಎಂಬುದು ತಿಳಿದೀತು. ಊರಿನ ಮೇಲಣ ಪ್ರೀತಿಗೂ ಇದೇ ಹೆಚ್ಚಿನ ಗೌರವ.

ಮಾಡತಕ್ಕದ್ದು

ಕೆಲಸ ಹೀಗೆ ಸಾಗಬಹುದು. ಯಾದಗಿರಿ, ಶಹಾಪುರ, ಸುರಪುರಗಳ ವಿಜ್ಞಾನ ಸಂಘಗಳು ಬಾದಾಮಿ ಚಾಲುಕ್ಯರ ಸೈನ್ಯವೊಂದನ್ನು ಹಂಚಿಕೊಂಡು ಕಟ್ಟಲಿ: ಒಂದೂರು ಆನೆಗಳು, ಒಂದೂರು ಕುದುರೆಗಳು, ಇನ್ನೊಂದು ಕಾಲಾಳುಗಳು. ಬೊಂಬೆಗಳು ಮೂರೂರಿನವಾದರೂ ಒಂದೇ ಮೇಜಿನ ಮೇಲೆ ಹೊಂದಬೇಕಾದರೆ ಅಳತೆಯ ಶಿಸ್ತು ಎಷ್ಟು ಅಗತ್ಯವೆಂಬುದು ತಾನಾಗಿಯೇ ತಿಳಿಯುತ್ತದೆ. ಸಾಕ್ಷ್ಯವಿಲ್ಲದೆ ಯಾವ ಬೊಂಬೆಗೂ ಆಯುಧ ಕೊಡಬಾರದೆಂಬುದು ಕಟ್ಟಾಜ್ಞೆಯಾಗಿರಲಿ. ಸಾಕ್ಷ್ಯ ದೂರವಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಗಳಿವೆ. ಕನ್ನಡ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಆ ಕೆಳಗಿನ ಪಟ್ಟಿಕೆಯಲ್ಲಿ ಕತ್ತಿಯ ಬಾಗು, ಗುರಾಣಿಯ ಆಕಾರ, ಸವಾರನ ಕಾಲಿಗೆ ರಿಕಾಪು ಇದೆಯೋ ಇಲ್ಲವೋ ಎಂಬುದನ್ನೆಲ್ಲ ಹುಡುಕಿ, ಅಳೆದು, ಚಿತ್ರ ಬರೆದುಕೊಳ್ಳಬೇಕು. ವೀರಗಲ್ಲು ಯಾವ ಶತಮಾನದ್ದೆಂಬುದನ್ನೂ ವಿಚಾರಿಸಬೇಕು. ಹನ್ನೆರಡನೆಯ ಶತಮಾನದ ಗುರಾಣಿಯನ್ನು ಏಳನೆಯ ಶತಮಾನದ ಆಳಿಗ�� ತೊಡಿಸಿದರೆ ಅದು ತಪ್ಪು ಓದು. ಕಲ್ಲಿಗೆ ಎಣ್ಣೆ ಸುಣ್ಣ ಬಳಿಯದೆ, ಕೆರೆಯದೆ, ಕದಲಿಸದೆ ಈ ಕೆಲಸ ನಡೆಯಬೇಕು. ಹುಡುಗರಂತೆಯೇ ಹುಡುಗಿಯರೂ ಇದರಲ್ಲಿ ಸಮಪಾಲು ತೆಗೆದುಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ದೊಡ್ಡ ದೊಡ್ಡ ಕಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಅವರ ಬಳಿ ಬರವಣಿಗೆ ಇರಲಿಲ್ಲ. ಆದರೂ ಸಾಲೆಂದರೇನು, ಅಂತರವೆಂದರೇನು ಎಂಬುದು ಅವರಿಗೆ ಗೊತ್ತಿತ್ತು. ಅದೇ ನೆಲದಲ್ಲಿ ಬೆಳೆಯುತ್ತಿರುವ ನೀವು ನಿಮ್ಮ ಮಣ್ಣಿನ ಆಳುಗಳನ್ನು ಸಾಲು ಹಿಡಿಸುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಒಂದು ನೋಟುಬುಕ್ಕನ್ನೂ ಇಟ್ಟುಕೊಳ್ಳಿ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡಿ ಮಿಕ್ಕ ಮಣ್ಣನ್ನು ಚೆಲ್ಲದೆ ಒಂದು ಆನೆಯನ್ನು ಮಾಡಿ. ಒಣಗಿದ ಮೇಲೆ ಅದನ್ನು ತೂಗಿ ನೋಡಿ. ಹದಿನೆಂಟೂವರೆ ಗ್ರಾಂ ಬಾರದಿದ್ದರೆ ಏಕೆ ಬರಲಿಲ್ಲವೆಂದು ಯೋಚಿಸಿ.